ಪರದೆಯ ಮುಂದೆ ಓದಿದ ಆಯೇರಿ

ನಮ್ಮ ಅಪ್ಪನಿಗೆ ಎರಡು ದನಿಗಳಿದ್ದವು. ಮನೆಯ ದನಿ ಕೇಳಬೇಕಾದರೆ ಹತ್ತಿರ ಹೋಗಿ ಕೂಡಬೇಕಾಗುತ್ತಿತ್ತು. ಮೈಕಿನ ದನಿಯನ್ನು ಮಾತ್ರ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಿನವರು ಕಣ್ಣುಮುಚ್ಚಿ ಗುರುತು ಹಿಡಿಯುತ್ತಿದ್ದರು. ಅವನು ಒಂದು ಟೂರಿಂಗ್ ಟಾಕೀಸಿನಲ್ಲಿ ಪ್ರಚಾರದ ಕೆಲಸಕ್ಕಿದ್ದ. ಟೆಂಟಿಗೆ ಒಂದೊಂದು ಊರಲ್ಲಿ ಇಂತಿಷ್ಟೇ ತಿಂಗಳು ಎಂದು ಪರವಾನಗಿ. ಅದು ಮುಗಿದ ಕೂಡಲೇ ಕಂಬ, ಬಟ್ಟೆ, ಕುರ್ಚಿ, ಪ್ರೊಜೆಕ್ಟರು ಎಲ್ಲವೂ ಲಾರಿ ಹತ್ತಿ ಮುಂದಿನ ಊರಿಗೆ ಹೋಗುತ್ತಿದ್ದವು. ಅವುಗಳ ಮೇಲೆ ಕೂತು ಅಪ್ಪನೂ ಹೋಗುತ್ತಿದ್ದ. ನಾನು ಮತ್ತು ಅವ್ವ ಸಿಂದಗಿಯಲ್ಲೇ ಇರುತ್ತಿದ್ದೆವು. ಟೆಂಟು ಸಿಂದಗಿಯಲ್ಲಿದ್ದಾಗ ಅಪ್ಪ ನಮ್ಮವನು, ಉಳಿದ ತಿಂಗಳು ಮಂದಿಯವನು.

ಬೆಳಿಗ್ಗೆ ಟಾಂಗಾ ಹತ್ತಿ, ಕಾಲ ಹತ್ತಿರ ಬ್ಯಾಟರಿ ಇಟ್ಟುಕೊಂಡು, ಓಣಿ ಓಣಿ ತಿರುಗಿ ಸಿನಿಮಾದ ಸುದ್ದಿ ಸಾರುವುದು ಅವನ ಕೆಲಸ. ಸಂಜೆ ಗೇಟಿನಲ್ಲಿ ನಿಂತು ಟಿಕೆಟ್ ಹರಿಯುವುದೂ ಅವನದೇ. ಹೀಗಾಗಿ ತಾನು ಸಾರಿದ ಒಂದು ಸಿನಿಮಾವನ್ನೂ ಅವನು ಪೂರ್ತಿ ನೋಡಿದವನಲ್ಲ. ಹ್ಯಾಂಡ್‌ಬಿಲ್ಲಿನ ನಾಲ್ಕು ಸಾಲು ಓದಿ, ಉಳಿದ ಕತೆಯನ್ನು ಟಾಂಗಾದಲ್ಲಿ ಕೂತೇ ಕಟ್ಟುತ್ತಿದ್ದ. ಒಮ್ಮೆ ಮುದ್ದೇಬಿಹಾಳದಲ್ಲಿ, ಹುಲಿಯೇ ಇಲ್ಲದ ಸಿನಿಮಾದಲ್ಲಿ ಹುಲಿಯ ಜೊತೆ ಕುಸ್ತಿ ಇದೆ ಎಂದು ಸಾರಿಬಿಟ್ಟಿದ್ದನಂತೆ. ನಾಲತವಾಡದಿಂದ ಬಂಡಿ ಕಟ್ಟಿಕೊಂಡು ಬಂದವರು ಆಟ ಮುಗಿದ ಮೇಲೆ ಗೇಟಿನಲ್ಲಿ ಅವನ ಅಂಗಿ ಹಿಡಿದು, "ಹುಲಿ ತೋರಸು, ಇಲ್ಲಾ ರೊಕ್ಕಾ ತಿರುಗಿ ಕೊಡು" ಎಂದು ಕೂತರಂತೆ. ಅಷ್ಟಾದರೂ ಬುದ್ಧಿ ಬರಲಿಲ್ಲ.

ಲಗ್ನದ ಹಂಗಾಮಿನಲ್ಲಿ ಅವನಿಗೆ ಇನ್ನೊಂದು ಕೆಲಸ ಇರುತ್ತಿತ್ತು, ಆಯೇರಿ ಓದುವುದು. ನಮ್ಮ ಕಡೆ ಮದುವೆಯ ಅಕ್ಕಿಕಾಳು ಬಿದ್ದ ಮೇಲೆ ಬಂದವರೆಲ್ಲ ಸಾಲಾಗಿ ಬಂದು ರೊಕ್ಕವನ್ನೋ ಬಟ್ಟೆಯನ್ನೋ ಕೊಡುತ್ತಾರೆ. ಒಬ್ಬ ಮೈಕಿನಲ್ಲಿ ಯಾವ ಊರಿನ ಯಾರು ಏನು ಕೊಟ್ಟರೆಂದು ಸಾರುತ್ತಾನೆ. ಕೊಟ್ಟಿದ್ದಕ್ಕಿಂತ ಸಾರಿದ್ದು ಮುಖ್ಯ. ಹೆಸರು ತಪ್ಪಿದರೆ ಎರಡು ಮನೆತನಗಳು ಮಾತು ಬಿಡುತ್ತವೆ. ನಾಳೆ ಕೊಟ್ಟವರ ಮನೆಯ ಕಾರ್ಯಕ್ಕೆ ತಗೊಂಡವರು ಹೋಗಿ ಅಷ್ಟನ್ನು ಮುಟ್ಟಿಸಬೇಕು. ಒಂದು ಮನೆಗೆ ಒಂದು ಕಾರ್ಯಕ್ಕೆ ಒಂದೇ ಸಲ. ಅಪ್ಪ ಚೀಟಿ ಬರೆದುಕೊಳ್ಳುತ್ತಿರಲಿಲ್ಲ, ಕೇಳಿದ್ದನ್ನು ಹಾಗೆಯೇ ಸಾರುತ್ತಿದ್ದ, ಸಾರಿದ್ದನ್ನು ಎಂದೂ ಮರೆಯುತ್ತಿರಲಿಲ್ಲ. ಆ ತಲೆ ಸಾಲಿ ಕಲಿತಿದ್ದರೆ ಏನಾಗುತ್ತಿತ್ತೋ ಎಂದು ನಮ್ಮ ಹೆಡ್‌ಮಾಸ್ತರರು ಒಮ್ಮೆ ಅಂದಿದ್ದರು. ಅಪ್ಪ ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು.

ಎಪ್ಪತ್ತರ ದಶಕದ ಮೊದಮೊದಲ ಮಾತು ಇದು. ನಾನು ಎಸ್ಸೆಸ್ಸೆಲ್ಸಿ ಪಾಸಾದೆ, ಫಸ್ಟ್ ಕ್ಲಾಸಿನಲ್ಲಿ. ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ಪಾಸಾಗುವುದೇ ಹೊಸದು, ಅದರಲ್ಲಿ ನಾನು ಬಿಜಾಪುರದ ಕಾಲೇಜಿಗೆ ಹೋಗುತ್ತೇನೆ ಎಂದೆ. ಕೇಳಿದವರಿಗೆಲ್ಲ ನಗು. ನಮ್ಮ ಸೋದರತ್ತೆಯಂತೂ, "ಹೊಟ್ಟಿಗೆ ಹಿಟ್ಟಿಲ್ಲಂದ್ರೂ ಜುಟ್ಟಿಗೆ ಮಲ್ಲಿಗಿ ಹೂವ" ಎಂದು ನಮ್ಮ ಅಂಗಳದಲ್ಲೇ ನಿಂತು ಅಂದು ಹೋದಳು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಲೇಜಿನ ಫೀ, ಪುಸ್ತಕ, ಬಿಜಾಪುರದಲ್ಲಿ ಇರಲಿಕ್ಕೆ ಒಂದು ಖೋಲಿ, ಇವೆಲ್ಲ ಸೇರಿದರೆ ಅಪ್ಪನ ಅರ್ಧ ವರ್ಷದ ಪಗಾರ. ಅಡ್ಮಿಷನ್ನಿಗೆ ಎರಡು ವಾರ ಉಳಿದಿತ್ತು. ಅವ್ವ ಮಾತ್ರ ಹಟ ಹಿಡಿದಿದ್ದಳು. "ಮನಿ ಕಟ್ಟಿ ನೋಡು, ಮದುವಿ ಮಾಡಿ ನೋಡು ಅಂತಾರ. ಮಗಳ್ನ ಓದಿಸಿ ನೋಡು ಅಂತ ಯಾರೂ ಅಂದಿಲ್ಲ. ನಾವ ನೋಡೂಣು" ಎಂದು ಅಪ್ಪನನ್ನು ಟೆಂಟಿನ ಮಾಲಕರ ಹತ್ತಿರ ಕಳಿಸಿದಳು.

ಮಾಲಕರು ಕೆಟ್ಟವರಲ್ಲ, ಒಳ್ಳೆಯವರೂ ಅಲ್ಲ. ಟೆಂಟು ಆಗ ಸಿಂದಗಿಯಲ್ಲಿತ್ತು. ಹತ್ತು ಹನ್ನೆರಡು ದಿನಗಳಲ್ಲಿ ಪರವಾನಗಿ ಮುಗಿದು ಬಾಗೇವಾಡಿಗೆ ಹೋಗುವುದಿತ್ತು. ಅಷ್ಟರಲ್ಲಿ ಒಂದು ಹೊಸ ಸಿನಿಮಾದ ಪೆಟ್ಟಿಗೆ ಬಸ್ಸಿನ ಮೇಲೆ ಬಂದು ಇಳಿದಿತ್ತು. ಅವರು ಅಪ್ಪನಿಗೆ ಅದನ್ನು ತೋರಿಸಿ ಹೇಳಿದರಂತೆ, "ಇದನ್ನ ಹತ್ತು ದಿನ ತುಂಬಿದ ಟೆಂಟಿನಾಗ ಓಡಸು. ನಿನ್ನ ಮಗಳ ಫೀ ನಾ ಕೊಡ್ತೇನಿ."

ಆ ಸಿನಿಮಾದ ಕತೆ ಏನೆಂದರೆ, ಮಗನ ಕಾಲೇಜಿನ ಫೀ ತುಂಬಲಿಕ್ಕಾಗದೆ ಒದ್ದಾಡುವ ತಂದೆತಾಯಿಗಳದು. ನಗೆ ಚಿತ್ರ. ಹ್ಯಾಂಡ್‌ಬಿಲ್ಲಿನಲ್ಲಿ "ನಕ್ಕು ನಕ್ಕು ಹೊಟ್ಟೆ ಹುಣ್ಣಾದರೆ ನಾವು ಜವಾಬ್ದಾರರಲ್ಲ" ಎಂದು ಅಚ್ಚಾಗಿತ್ತು. ಅಪ್ಪ ಅದನ್ನು ಮನೆಗೆ ತಂದು ಅವ್ವನ ಮುಂದೆ ಓದಿದ. ಅವ್ವ ಹೆಂಚಿನ ಮೇಲಿನ ರೊಟ್ಟಿ ತಿರುವುತ್ತ, "ಇದರಾಗ ನಗೂದೇನೈತಿ?" ಎಂದು ಕೇಳಿದಳು.

ಮೊದಲ ದಿನ ಟೆಂಟಿನಲ್ಲಿ ಮೂವತ್ತು ಮಂದಿ ಇರಲಿಲ್ಲ. ಎರಡನೆಯ ದಿನ ಇನ್ನೂ ಕಡಿಮೆ. ನಮ್ಮ ಕಡೆಯವರಿಗೆ ಗದೆ ಬೇಕು, ಖಡ್ಗ ಬೇಕು, ದೇವರು ಪ್ರತ್ಯಕ್ಷ ಆಗಬೇಕು. ಯಾವುದೋ ಪ್ಯಾಟಿಯ ಹುಡುಗ ಕಾಲೇಜಿಗೆ ಹೋದರೇನು, ಬಿಟ್ಟರೇನು? ಮೂರನೆಯ ದಿನ ಮಾಲಕರು ಹಳೆಯ ಪೌರಾಣಿಕ ಚಿತ್ರದ ಪೆಟ್ಟಿಗೆ ತರಿಸುವ ಮಾತಾಡಿದರು. ಅಪ್ಪ ಇನ್ನೆರಡು ದಿನ ಕೊಡ್ರಿ ಎಂದು ಬೇಡಿಕೊಂಡು, ಮರುದಿನ ಬೆಳಗಾಗುವ ಮೊದಲೇ ಟಾಂಗಾ ಹೂಡಿಸಿಕೊಂಡು ಹಳ್ಳಿಗಳ ಕಡೆ ಹೊರಟ. ಆವತ್ತು ಮೈಕಿನಲ್ಲಿ ಅವನು ಏನು ಸಾರಿದ ಎಂಬುದನ್ನು ನಾನು ಆಮೇಲೆ ಟಾಂಗಾದವನ ಬಾಯಿಂದ ಕೇಳಿದ್ದೇನೆ. ಟಾಂಗಾದವ ಅದನ್ನು ಎಷ್ಟು ಸಲ ಹೇಳಿದ್ದಾನೆಂದರೆ ನನಗೂ ಬಾಯಿಪಾಠವಾಗಿದೆ.

"ಕೇಳ್ರಪೋ ಕೇಳ್ರಿ! ಒಂದು ಬಡವರ ಮನಿ. ಒಬ್ಬಾಕಿನ ಮಗಳು. ಮ್ಯಾಟ್ರಿಕ್ ಪಾಸಾಗ್ಯಾಳ, ಕಾಲೇಜಿಗೆ ಹೋಗ್ತೇನಿ ಅಂತಾಳ. ತಂದಿ ಕೈಯಾಗ ರೊಕ್ಕಿಲ್ಲ, ತಾಯಿ ಕೊಳ್ಳಾಗ ಬಂಗಾರಿಲ್ಲ. ಹುಡುಗಿ ಕಾಲೇಜಿಗೆ ಹೋಗ್ತಾಳೋ, ಮನ್ಯಾಗ ಕುಂಡ್ರತಾಳೋ? ಅದು ನಿಮ್ಮ ಕೈಯಾಗ ಐತಿ! ತಾವೆಲ್ಲಾರೂ ಸಕುಟುಂಬ ಸಪರಿವಾರ ಬಂದು ಕಾರ್ಯ ಚಂದಗಾಣಿಸಬೇಕು!"

ಸಿನಿಮಾದಲ್ಲಿರುವುದು ಮಗ. ಅಪ್ಪನ ಬಾಯಲ್ಲಿ ಅವನು ಮಗಳಾದ. ಬೇಕೆಂದೇ ಮಾಡಿದನೋ, ತಲೆಯಲ್ಲಿದ್ದದ್ದು ಬಾಯಿಗೆ ಬಂತೋ, ನಾನು ಎಂದೂ ಕೇಳಲಿಲ್ಲ. ಕೊನೆಯ ಸಾಲಂತೂ ಲಗ್ನಪತ್ರಿಕೆಯದು. ಹೇಳಿ ಹೇಳಿ ರೂಢಿಯಾಗಿ ಬಂದುಬಿಟ್ಟಿತ್ತು. ಅದನ್ನು ಕೇಳಿದವರು, ಯಾವ ದನಿ ತಮ್ಮ ಮನೆಯ ಮದುವೆಗಳಲ್ಲಿ ಆಯೇರಿ ಓದಿತ್ತೋ ಅದೇ ದನಿಯಿಂದ ಕೇಳಿದರು.

ಮರುದಿನ ಸಂಜೆ ಟೆಂಟಿನ ಮುಂದೆ ಬಂಡಿಗಳ ಸಾಲು. ಕನ್ನೊಳ್ಳಿಯಿಂದಲೇ ಆರೇಳು ಬಂಡಿ ಬಂದಿದ್ದವು. ಗಂಡಸರು ತೊಳೆದ ಪಟಕ ಸುತ್ತಿದ್ದರು. ಹೆಂಗಸರು ಇಳಕಲ್ಲ ಸೀರೆ ಉಟ್ಟು, ಕೈಯಲ್ಲಿ ಗಂಟು ಹಿಡಿದಿದ್ದರು. ಸಿನಿಮಾ ನೋಡಲಿಕ್ಕೆ ಯಾರು ಹೀಗೆ ಬರುತ್ತಾರೆ ಎಂದು ನನಗೆ ಆಗಲೇ ಅನುಮಾನ ಬರಬೇಕಿತ್ತು. ಬರಲಿಲ್ಲ. ಟೆಂಟು ತುಂಬಿತಲ್ಲ, ಫೀ ಸಿಕ್ಕಿತಲ್ಲ ಎಂದು ಖುಷಿಯಾಯಿತು. ಮಾಲಕರು ಕುರ್ಚಿಯ ಸಾಲಿನಲ್ಲಿ ಕೂತು ಎಲೆ ಹಾಕುತ್ತಿದ್ದರು. ನಾನು ಮತ್ತು ಅವ್ವ ಹೆಂಗಸರ ಕಡೆ, ಉಸುಕಿನ ಮೇಲೆ ಕೂತೆವು. ನಮ್ಮ ಮಗ್ಗುಲಲ್ಲಿ ಓಣಿಯ ಬಳೆಗಾರ ಚಾಚಿ. ನನ್ನನ್ನು ಎತ್ತಿ ಆಡಿಸಿದವಳು, ಅವ್ವನಿಗೆ ಅಕ್ಕನ ಹಾಗೆ.

ಸಿನಿಮಾ ಚೆನ್ನಾಗಿಯೇ ಇತ್ತು. ಅದರಲ್ಲಿನ ತಂದೆ ಸುಳ್ಳು ಗಡ್ಡ ಅಂಟಿಸಿಕೊಂಡು ಮಗನ ಕಾಲೇಜಿನ ಗೇಟಿನಲ್ಲೇ ಜ್ಯೋತಿಷಿಯಾಗಿ ಕೂಡುತ್ತಾನೆ. ಮಗ ಬಂದು ತನ್ನ ಭವಿಷ್ಯ ಕೇಳಿ, ಎಂಟಾಣೆ ಕೊಟ್ಟು ಹೋಗುತ್ತಾನೆ. ಆ ಎಂಟಾಣೆಯನ್ನೇ ತಂದೆ ಅವನ ಫೀಗೆ ಕೂಡಿಸುತ್ತಾನೆ. ಟೆಂಟು ಬಿದ್ದು ಬಿದ್ದು ನಕ್ಕಿತು, ನಾನೂ ನಕ್ಕೆ. ಆಮೇಲೆ ತಾಯಿಯ ಸರದಿ. ಮನೆಯಲ್ಲಿ ಅನ್ನ ಸಾಲದು, ಹಾಗಾಗಿ ಅವಳು ಸೋಮವಾರ ಶಿವನ ಉಪವಾಸ, ಗುರುವಾರ ಗುರುವಿನದು, ಶನಿವಾರ ಹನುಮಂತನದು ಎಂದು ಹೇಳುತ್ತಾಳೆ. ದೇವರುಗಳು ತೀರಿದ ಮೇಲೆ ಹೊಸ ದೇವರನ್ನು ಹುಡುಕುತ್ತಾಳೆ. ಮಂದಿ ಸಿಳ್ಳೆ ಹೊಡೆಯಿತು. ಅವ್ವ ಸೆರಗು ಬಾಯಿಗೊತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತ ಚಾಚಿಗೆ ಹೇಳಿದಳು, "ನಮ್ಮ ಮನಿ ಸುದ್ದಿ ಇವ್ರಿಗೆ ಯಾರ ಹೇಳ್ಯಾರ ಅಂತೇನಿ?"

ಅವ್ವ ಎರಡು ವರ್ಷದಿಂದ ಮೂರು ವಾರ ಮಾಡುತ್ತಿದ್ದಳು, ಅಂದರೆ ಉಪವಾಸ. ಸೋಮವಾರ, ಗುರುವಾರ, ಶನಿವಾರ. ಅದು ಭಕ್ತಿ ಎಂದೇ ನಾನು ತಿಳಿದಿದ್ದೆ. ಸಾಲಿಯಲ್ಲಿ ಗೆಳತಿಯರ ಮುಂದೆ ನಮ್ಮವ್ವ ಬಹಳ ದೇವರ ಮನುಷ್ಯಳು ಎಂದು ಹೇಳಿಕೊಂಡೂ ಇದ್ದೆ. ನನ್ನ ನಗು ಅಲ್ಲಿಗೆ ನಿಂತಿತು. ಅವಳದು ನಿಲ್ಲಲಿಲ್ಲ.

ಇಂಟರ್‌ವಲ್ ಆಯಿತು, ದೀಪ ಹತ್ತಿದವು. ಯಾರೂ ಚಹಾ ಕುಡಿಯಲು ಏಳಲಿಲ್ಲ. ಕನ್ನೊಳ್ಳಿಯ ಒಬ್ಬ ಮುದುಕ ಎದ್ದು ಸೀದಾ ಪರದೆಯ ಮುಂದೆ ಹೋಗಿ ನಿಂತ. ಅವನ ಮೊಮ್ಮಗಳ ಮದುವೆಯಲ್ಲಿ ಅಪ್ಪನೇ ಆಯೇರಿ ಓದಿದ್ದ. ಮುದುಕನ ಕೈಯಲ್ಲಿ ಮಡಿಸಿದ ಐದು ರೂಪಾಯಿ ನೋಟು. ಗೇಟಿನಲ್ಲಿದ್ದ ಅಪ್ಪನನ್ನು ಕರೆದು ಅಂದ, "ಮೈಕ್ ಎಲ್ಲೈತಿ? ಓದಾಕ ಚಾಲೂ ಮಾಡು. ಬಂಡಿ ದೂರ ಹೋಗೂದೈತಿ."

ಅಪ್ಪ ಓಡಿಬಂದ. "ಏನು ಓದೂದ್ರಿ, ಯಜಮಾನ್ರ?"

"ಆಯೇರಿ. ನೀನ ಕರದಿ, ಕಾರ್ಯಕ್ಕ ಬರ್ರಿ ಅಂತ."

"ಅಯ್ಯ, ಅದು ಸಿನಿಮಾದ ಸುದ್ದಿರಿ. ಸಿನಿಮಾದಾಗ ಆಗೂದು."

ಮುದುಕ ಪರದೆ ನೋಡಿದ, ಅಪ್ಪನನ್ನು ನೋಡಿದ. "ಸಿನಿಮಾದಾಗ ಹುಡುಗ ಅದಾನ. ನೀ ಹುಡುಗಿ ಅಂದಿ. ಹುಡುಗಿ ಎಲ್ಲೆದಾಳ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಹಾಗಾಯಿತು ಅಪ್ಪನಿಗೆ. ಹುಲಿ ಇಲ್ಲದ ಸಿನಿಮಾದಲ್ಲಿ ಹುಲಿ ತೋರಿಸು ಎಂದಾಗ ಕೈ ಮುಗಿದು ಪಾರಾಗಿದ್ದ. ಇಲ್ಲಿ ಹುಡುಗಿ ಇದ್ದಳು. ಸಿಂದಗಿಯ ಮಂದಿಗೆಲ್ಲ ಗೊತ್ತಿತ್ತು. ಒಬ್ಬೊಬ್ಬರಾಗಿ ಹೆಂಗಸರ ಕಡೆ ಹೊರಳಿದರು. ಇಡೀ ಟೆಂಟು ನನ್ನನ್ನು ನೋಡಿತು. ಉಸುಕಿನೊಳಗೆ ಇಳಿದು ಹೋಗಬೇಕು ಅನ್ನಿಸಿತು.

"ಕಾರ್ಯ ಇಲ್ಲದ ಮನಿಗೆ ಆಯೇರಿ ತಗೊಳ್ಳಾಕ ಬರಂಗಿಲ್ರಿ" ಎಂದು ಅಪ್ಪ ಮೆಲ್ಲಗೆ ಅಂದ. ಅದು ನಿಜ. ಮದುವೆ, ಸೀಮಂತ, ಹೊಸ ಮನೆಯ ವಾಸ್ತು, ಇಂಥದ್ದು ಇಲ್ಲದೆ ಕೈಯೊಡ್ಡಿದರೆ ಅದು ಆಯೇರಿ ಅಲ್ಲ, ಬೇಡುವುದು. ಅಪ್ಪ ಬಡವನಿದ್ದ, ಬೇಡಿದವನಲ್ಲ.

ಆಗ ಚಾಚಿ ಎದ್ದಳು. ನನ್ನ ರಟ್ಟೆ ಹಿಡಿದು ಎಬ್ಬಿಸಿ, ಉಸುಕಿನಲ್ಲಿ ಕೂತವರನ್ನು ದಾಟುತ್ತ ಪರದೆಯ ಕಡೆ ಎಳೆದುಕೊಂಡು ಹೊರಟಳು. "ಕಾರ್ಯ ಇಲ್ಲ ಅಂತ ಯಾರ ಹೇಳಿದ್ರು? ಹುಡುಗಿ ಮನಿ ಬಿಟ್ಟು ಹೊಂಟಾಳ. ಗಂಡನ ಮನಿಗೆ ಹ್ವಾದ್ರ ಕಾರ್ಯ, ಕಾಲೇಜಿಗೆ ಹ್ವಾದ್ರ ಕಾರ್ಯ ಅಲ್ಲೇನು? ಮಾಲಕರ, ಒಂದು ಕುರ್ಚಿ ಕೊಡ್ರಿ!"

ಮಾಲಕರು ತಾವು ಕೂತ ಕುರ್ಚಿಯನ್ನೇ ಕೊಟ್ಟರು. ಅವರ ಜೀವನದಲ್ಲಿ ಪುಕ್ಕಟೆ ಕೊಟ್ಟ ಕುರ್ಚಿ ಅದೊಂದೇ ಇರಬೇಕು. ನನ್ನನ್ನು ಪರದೆಯ ಮುಂದೆ ಕೂಡಿಸಿದರು. ಚಾಚಿ ತನ್ನ ಗಂಟಿನಿಂದ ಒಂದು ಡಜನ್ ಹಸಿರು ಬಳೆ ತೆಗೆದು, ನಾನು ಮುಷ್ಟಿ ಬಿಗಿದಿದ್ದರೂ ಬಿಡದೆ, ಎರಡೂ ಕೈಗೆ ಏರಿಸಿದಳು. ಹೆಂಗಸರು ಅವ್ವನ ಉಡಿಗೆ ಕೊಬ್ಬರಿ ಬಟ್ಟಲು, ಕುಬಸದ ಕಣ ಹಾಕಿದರು. ಗಂಡಸರು ಸಾಲಾಗಿ ನಿಂತರು. ಆಪರೇಟರ್ ಮೈಕ್ ತಂದು ಅಪ್ಪನ ಕೈಗೆ ಕೊಟ್ಟ.

ನಮ್ಮಲ್ಲಿ ಹೆಣ್ಣು ಹೆತ್ತವನು ತನ್ನ ಮನೆಯ ಆಯೇರಿಯನ್ನು ತಾನೇ ಓದುವುದಿಲ್ಲ. ಆದರೆ ಅಲ್ಲಿ ಬೇರೆ ಓದುವವನು ಇರಲಿಲ್ಲ. ಅಪ್ಪ ಗಂಟಲು ಸರಿಮಾಡಿಕೊಂಡು, ಮೈಕಿನ ದನಿ ತೆಗೆದು, ಎಂದಿನಂತೆ ಓದಿದ. ಕನ್ನೊಳ್ಳಿಯ ಯಜಮಾನರಿಂದ ಐದು ರೂಪಾಯಿ. ಎಲೆ ಅಂಗಡಿಯವರಿಂದ ಎರಡು ರೂಪಾಯಿ. ಬಳೆಗಾರ ಚಾಚಿಯಿಂದ ಒಂದು ಡಜನ್ ಬಳೆ. ಟಾಂಗಾದವನಿಂದ ಎಂಟಾಣೆ. ಹೆಡ್‌ಮಾಸ್ತರರಿಂದ ಹತ್ತು ರೂಪಾಯಿ ಮತ್ತು ಒಂದು ಇಂಗ್ಲಿಷ್ ಡಿಕ್ಷನರಿ. ಜ್ವರ ಬಂದವನ ಹಾಗೆ ಅವನ ಮುಖ ಕೆಂಪಾಗಿತ್ತು, ದನಿ ಮಾತ್ರ ಒಂದು ಕಡೆಯೂ ತಡವರಿಸಲಿಲ್ಲ. ನಾನು ಒಮ್ಮೆಯೂ ತಲೆ ಎತ್ತಲಿಲ್ಲ.

ಓದುವುದು ಮುಗಿದ ಮೇಲೆ ಸಿನಿಮಾದ ಉಳಿದರ್ಧ ಚಾಲೂ ಮಾಡಿದರು. ಬಂದವರಿಗೆ ಕಾರ್ಯ ಮುಗಿದಿತ್ತು. ಅವರು ಎದ್ದು ಬಂಡಿ ಹೂಡಿದರು. ನಾನೂ ಬಳೆ ಸಪ್ಪಳ ಮಾಡುತ್ತ ಮನೆಗೆ ಓಡಿದೆ. ಹೀಗಾಗಿ ಆ ಸಿನಿಮಾದ ಹುಡುಗ ಪಾಸಾದನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ.

ಅಪ್ಪ ಬರುವವರೆಗೆ ಎಚ್ಚರ ಇದ್ದು, ಅವನು ಹೊಸಲು ದಾಟುವ ಮೊದಲೇ ಹೇಳಿದೆ, "ನಾ ಕಾಲೇಜಿಗೆ ಹೋಗಂಗಿಲ್ಲ. ಊರ ಮುಂದ ಕುಂಡ್ರಿಸಿ ಭಿಕ್ಷಾ ಎತ್ತಿಸಿದಿ."

ಅಪ್ಪ ಚಪ್ಪಲಿ ಬಿಟ್ಟು, ಗೋಡೆಗೆ ಆತು ಕೂತ. ಮನೆಯ ದನಿಯಲ್ಲಿ ಅಂದ, "ಭಿಕ್ಷಾ ಆಗಿದ್ರ ತಿರುಗಿ ಕೊಡಬಹುದಿತ್ತವ್ವಾ. ಆಯೇರಿ ತಗೊಂಡ ಮ್ಯಾಲ ಕಾರ್ಯ ನಿಂದ್ರಸಾಕ ಬರಂಗಿಲ್ಲ."

ಆ ಮಾತಿಗೆ ಎದುರಾಡಲು ನನ್ನ ಫಸ್ಟ್ ಕ್ಲಾಸು ಸಾಲಲಿಲ್ಲ. ವಾರದೊಳಗೆ ಬಿಜಾಪುರಕ್ಕೆ ಹೋದೆ. ಮಾಲಕರು, ನಿನ್ನ ಮಗಳ ಫೀ ಬಂತಲ್ಲ, ಮತ್ತೇನು ಎಂದು ತಮ್ಮ ಮಾತನ್ನು ಅಲ್ಲಿಗೇ ಬಿಟ್ಟರು. ಸಿನಿಮಾ ಮುಂದೆ ಎರಡೇ ದಿನ ಓಡಿತು. ಬರುವವರೆಲ್ಲ ಒಂದೇ ದಿನ ಬಂದು ಹೋಗಿದ್ದರು.

ಕಾಲೇಜಿನಲ್ಲಿ ಐದು ವರ್ಷ ಕಳೆದೆ. ಪಿಯುಸಿ, ಆಮೇಲೆ ಬಿ.ಎ. ಮೊದಲ ವರ್ಷದ ಫೀಗೆ ಆಯೇರಿ ಆಯಿತು, ಆಮೇಲಿನದಕ್ಕೆ ಸ್ಕಾಲರ್‌ಶಿಪ್ಪು ಬಂತು, ಅವ್ವನ ಉಪವಾಸದ ವಾರಗಳೂ ಇದ್ದವು. ಸೂಟಿಗೆ ಊರಿಗೆ ಬಂದಾಗ ಅಪ್ಪನ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಅವನು ಟಾಂಗಾದಲ್ಲಿ ಓಣಿಗೆ ಬಂದರೆ ನಾನು ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದೆ. ಆ ಕುರ್ಚಿಯ ಸಿಟ್ಟು ನನ್ನಲ್ಲಿ ಹಾಗೇ ಕೂತಿತ್ತು. ತಪ್ಪು ಯಾರದು ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ, ಆದರೂ ಸಿಟ್ಟು ಇತ್ತು.

ಬಿ.ಎ. ಮುಗಿದ ವರ್ಷವೇ ನನ್ನ ಮದುವೆ. ಗಂಡು ಇಂಡಿ ತಾಲೂಕಿನವರು, ಸಾಲೋಟಗಿಯ ಕಡೆಯವರು, ಮಾಸ್ತರು. ನಮ್ಮ ಮನೆಯ ಮುಂದೆಯೇ ಹಂದರ. ಅಕ್ಕಿಕಾಳು ಬಿದ್ದವು. ಗಂಡಿನ ಕಡೆಯ ಆಯೇರಿ ಓದಲು ಅವರೇ ಒಬ್ಬನನ್ನು ಕರೆತಂದಿದ್ದರು. ಅವನು ಅರ್ಧ ತಾಸು ಓದಿದ. ಆಮೇಲೆ ನಮ್ಮ ಕಡೆಯ ಸರದಿ ಬಂತು. ಬಂತು, ಆದರೆ ಯಾರೂ ಏಳಲಿಲ್ಲ.

ಹಂದರ ತುಂಬ ನಮ್ಮ ಮಂದಿಯೇ ಇದ್ದರು. ಕನ್ನೊಳ್ಳಿಯ ಮುದುಕ ಕೋಲು ಹಿಡಿದುಕೊಂಡು ಮೊದಲ ಸಾಲಿನಲ್ಲೇ ಕೂತಿದ್ದ. ಎಲೆ ಅಂಗಡಿಯವರು, ಟಾಂಗಾದವ, ಹೆಡ್‌ಮಾಸ್ತರರು, ಚಾಚಿ, ಎಲ್ಲರೂ. ಹೊಸ ಬಟ್ಟೆ ಉಟ್ಟು, ಖಾಲಿ ಕೈಯಲ್ಲಿ, ಸಮಾಧಾನದಿಂದ ಕೂತಿದ್ದರು. ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಅವರ ಹಿರಿಯರೊಬ್ಬರು ಎಲ್ಲರಿಗೂ ಕೇಳುವ ಹಾಗೆ ಅಂದರು, "ಹೆಣ್ಣಿನ ಕಡಿಯವರು ಊಟಕ್ಕಷ್ಟ ಬಂದಾರೇನು?"

"ನಮ್ಮದು ಮುಟ್ಟೈತ್ರಿ" ಅಂದ ಮುದುಕ. ಅಷ್ಟೇ. ಬಿಡಿಸಿ ಹೇಳಬೇಕು ಎಂದು ಅವನಿಗೆ ಅನ್ನಿಸಲಿಲ್ಲ. ಹುಡುಗಿ ಮನೆ ಬಿಟ್ಟು ಹೋಗುವ ಕಾರ್ಯ ಅವನ ಪಾಲಿಗೆ ಒಂದೇ, ಅದಕ್ಕೆ ಅವನು ಐದು ವರ್ಷದ ಹಿಂದೆಯೇ ಕೊಟ್ಟು ಮುಗಿಸಿದ್ದ. ಗಂಡಿನ ಕಡೆಯವರಿಗೆ ಇದು ಹೇಗೆ ತಿಳಿಯಬೇಕು? ಅವ್ವ ನನ್ನ ಹಿಂದೆ ನಿಂತು ಸೆರಗಿನ ತುದಿ ತಿರುವುತ್ತಿದ್ದಳು.

ಅಪ್ಪ ಹೋಗಿ ಆ ಓದುವವನ ಕೈಯಿಂದ ಮೈಕ್ ಇಸಕೊಂಡ. ಚೀಟಿ ಇಲ್ಲ, ಏನೂ ಇಲ್ಲ. ಕಣ್ಣು ಮುಚ್ಚಿ ಚಾಲೂ ಮಾಡಿದ. ಕನ್ನೊಳ್ಳಿಯ ಯಜಮಾನರಿಂದ ಐದು ರೂಪಾಯಿ. ಎಲೆ ಅಂಗಡಿಯವರಿಂದ ಎರಡು ರೂಪಾಯಿ. ಬಳೆಗಾರ ಚಾಚಿಯಿಂದ ಒಂದು ಡಜನ್ ಬಳೆ. ಟಾಂಗಾದವನಿಂದ ಎಂಟಾಣೆ. ಅದೇ ಸಾಲು, ಅದೇ ಕ್ರಮ, ಒಂದು ಹೆಸರೂ ಹಿಂದೆ ಮುಂದೆ ಆಗಲಿಲ್ಲ. ತಮ್ಮ ಹೆಸರು ಬಂದವರು ಕೂತಲ್ಲೇ ತಲೆಯಾಡಿಸಿದರು. ನಾನು ಆವತ್ತು ಟೆಂಟಿನಲ್ಲಿ ತಲೆ ತಗ್ಗಿಸಿ ಕೂತಿದ್ದೆ, ಹಾಗಾಗಿ ಕೊಟ್ಟವರ ಮುಖಗಳನ್ನು ನೋಡಿದ್ದು ಈಗಲೇ. ನನಗೆ ಗೊತ್ತೇ ಇಲ್ಲದವರು ಎಷ್ಟೋ ಮಂದಿ ಇದ್ದರು. ಐದು ವರ್ಷ ಹೊತ್ತುಕೊಂಡಿದ್ದ ಸಿಟ್ಟಿಗೆ ನನಗೇ ನಾಚಿಕೆಯಾಯಿತು.

ಪಟ್ಟಿ ಮುಗಿಯಿತು. ಐದು ವರ್ಷದ ಹಿಂದಿನ ಈ ಆಯೇರಿಯಿಂದ ಏನು ಬಂತು ಎಂದು ಗಂಡಿನ ಕಡೆಯವರಿಗೆ ಹೇಳಬೇಕಾಗಿತ್ತು. ನಾಲ್ಕು ಊರಿಗೆ ನೂರಾರು ಸಿನಿಮಾ ಸಾರಿದ ಅಪ್ಪ ಬಾಯಿ ತೆರೆದ. ಮೈಕಿನ ದನಿ ಬರಲಿಲ್ಲ. ಮನೆಯ ದನಿಯೇ ಬಂತು, ಹತ್ತಿರ ಹೋಗಿ ಕೂತರಷ್ಟೇ ಕೇಳುವಂಥದ್ದು. ಕೈಯಲ್ಲಿ ಮೈಕ್ ಇದ್ದದ್ದರಿಂದ ಇಡೀ ಓಣಿಗೆ ಕೇಳಿಸಿತು.

"ಬಿ.ಎ. ಪಾಸಾಗ್ಯಾಳ್ರಿ, ನಮ್ಮ ಹುಡುಗಿ."